ಹಿತ್ತಲ ಮನೆಯಲ್ಲಿ ಒಂದು ರಾತ್ರಿ

ಅಮೇರಿಕಾದಲ್ಲಿ "ದಕ್ಷಿಣ" ಎಂಬುದು ಕೇವಲ ದಿಕ್ಕನ್ನು ಸೂಚಿಸುವ ಪದವಲ್ಲ. ಭೂಪಟವನ್ನು ಬಿಡಿಸಿ ನೋಡಿದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರವು ಜಾರ್ಜಿಯಾದ ಅಟ್ಲಾಂಟಾ ನಗರಕ್ಕಿಂತಲೂ ದಕ್ಷಿಣಕ್ಕಿದೆ. ಆದರೂ ಕ್ಯಾಲಿಫೋರ್ನಿಯಾವನ್ನು ಅಲ್ಲಿನ ಯಾರೂ ದಕ್ಷಿಣವೆಂದು ಕರೆಯುವುದಿಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಸಲುವಾಗಿ ಒಕ್ಕೂಟದಿಂದ ಸಿಡಿದು ಹೋಗಿ, 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಸಿ, ಕೊನೆಗೆ ಸೋತ 11 ರಾಜ್ಯಗಳ ನಾಡಿಗೆ ಮುಖ್ಯವಾಗಿ ಆ ಹೆಸರು ಅಂಟಿಕೊಂಡಿದೆ. ಸೋತವರ ಮರಿಮಕ್ಕಳೂ, ಆ ಸೋಲಿನಿಂದಾಗಿ ಬಿಡುಗಡೆ ಹೊಂದಿದವರ ಮರಿಮಕ್ಕಳೂ ಇಂದು ಅಲ್ಲಿ ಅಕ್ಕಪಕ್ಕದಲ್ಲಿಯೇ ಬಾಳುತ್ತಿದ್ದಾರೆ. ಹೀಗಾಗಿ ಆ ನಾಡಿನಲ್ಲಿ ಎರಡು ಬಗೆಯ ನೆನಪುಗಳು ಎಷ್ಟೋ ಕಡೆ ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಂತಿರುತ್ತವೆ.

ಆ ನಾಡಿನ ಜಾರ್ಜಿಯಾ ರಾಜ್ಯದಲ್ಲಿ ನಾವು ದಂಪತಿಗಳು ಇಪ್ಪತ್ತೆರಡು ವರ್ಷಗಳಿಂದ ನೆಲೆಸಿದ್ದೇವೆ. ಇಷ್ಟು ವರ್ಷಗಳಲ್ಲಿ ರಜೆ ಸಿಕ್ಕಾಗಲೆಲ್ಲ ಒಂದೋ ಧಾರವಾಡದ ಕಡೆಗೆ ವಿಮಾನ ಹತ್ತಿದ್ದೇವೆ, ಇಲ್ಲವೇ ಮಕ್ಕಳ ಒತ್ತಾಯಕ್ಕೆ ಫ್ಲೋರಿಡಾದ ಕಡಲ ತೀರಕ್ಕೆ ಹೋಗಿದ್ದೇವೆ. 2024ರ ನವೆಂಬರ್ ತಿಂಗಳಿನಲ್ಲಿ ನಮ್ಮ ವಿವಾಹಕ್ಕೆ 30 ವರ್ಷಗಳು ತುಂಬಿದವು. ಆ ನಿಮಿತ್ತ ಇಬ್ಬರೇ ಕಾರಿನಲ್ಲಿ ಹೊರಟು ಅಲಬಾಮಾ, ಮಿಸಿಸಿಪ್ಪಿ, ಲೂಯಿಸಿಯಾನಾ ಮತ್ತು ಟೆನೆಸ್ಸೀ ರಾಜ್ಯಗಳನ್ನು ಹತ್ತು ದಿನಗಳ ಕಾಲ ಸುತ್ತಿ ಬರುವುದೆಂದು ನಿಶ್ಚಯಿಸಿದೆವು. ಒಟ್ಟು ಹಾದಿ ಸುಮಾರು 1,500 ಮೈಲಿ, ಅಂದರೆ 2,400 ಕಿಲೋಮೀಟರು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ದೂರ ಕಾರು ನಡೆಸಿದವಳು ನನ್ನ ಮಡದಿ. ನಾನು ನಡೆಸುವಾಗ ಅವಳಿಗೆ ನಿದ್ರೆ ಬರುವುದಿಲ್ಲವಂತೆ. ಅವಳು ನಡೆಸುವಾಗ ನನಗೆ ಸುಖವಾಗಿ ಬರುತ್ತದೆ.

ವಿಷಯ ತಿಳಿದ ಮಗಳು ನಮಗೆ ಹೇಳದೆಯೇ ಒಂದು ಉಡುಗೊರೆಯನ್ನು ಸಿದ್ಧಪಡಿಸಿದ್ದಳು. ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ ನ್ಯಾಚೆಜ್ ಪಟ್ಟಣದಲ್ಲಿ ಅಂತರ್ಯುದ್ಧಕ್ಕಿಂತ ಮೊದಲು ಕಟ್ಟಿದ ಭವ್ಯ ಸೌಧವೊಂದು ಈಗ ವಸತಿಗೃಹವಾಗಿದೆ. ಬಿಳಿಯ ಕಂಬಗಳು, ಮೊಗಸಾಲೆ, ಮರಗಳಿಂದ ಇಳಿಬಿದ್ದ ಬೂದುಬಣ್ಣದ ಪಾಚಿಯ ಜಡೆ! ಅಲ್ಲಿ ಒಂದು ರಾತ್ರಿಯ ವಾಸಕ್ಕೆ ಅವಳು ಮುಂಗಡವಾಗಿ ಹಣ ತುಂಬಿಬಿಟ್ಟಿದ್ದಳು. ಹಣ ಮರಳಿ ಬರುವಂತಿರಲಿಲ್ಲ.

ಈ ಉಡುಗೊರೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವನ್ನು ಹುಟ್ಟಿಸಿತು. ಗುಲಾಮರ ದುಡಿಮೆಯಿಂದ ಎದ್ದ ಮನೆಯಲ್ಲಿ ವಿವಾಹದ ವಾರ್ಷಿಕೋತ್ಸವವನ್ನು ಆಚರಿಸುವುದು ನನಗೆ ಸರಿಯೆನಿಸಲಿಲ್ಲ. ಹಣ ಹೋದರೆ ಹೋಗಲಿ, ಹೋಗುವುದು ಬೇಡವೆಂದೆ. ಇದು ನನ್ನೊಬ್ಬನ ಅತಿರೇಕವಲ್ಲವೆಂಬುದನ್ನೂ ಹೇಳಬೇಕು. ಇಂತಹ ತೋಟದ ಮನೆಗಳನ್ನು ಮದುವೆಯ ತಾಣಗಳೆಂದು ಪ್ರಚಾರ ಮಾಡುವುದನ್ನು ಪಿಂಟರೆಸ್ಟ್ ಮುಂತಾದ ಜಾಲತಾಣಗಳು 2019ರ ಡಿಸೆಂಬರ್‌ನಲ್ಲಿಯೇ ನಿರ್ಬಂಧಿಸಿದ್ದವು. ಮಡದಿಯ ವಿಚಾರ ಬೇರೆ. "ಒಲ್ಲೆ ಅನ್ನೋರೆಲ್ಲಾ ಮನ್ಯಾಗ ಕುಂತರ, ಅಲ್ಲಿ ಹೋಗಿ ಕೇಳೋರು ಯಾರ್ರೀ?" ಎಂದಳು. ಏನನ್ನು ಕೇಳುವುದೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಮೊದಲ ದಿನವೇ ಅಲಬಾಮಾ ರಾಜಧಾನಿ ಮಾಂಟ್‌ಗೊಮರಿಯನ್ನು ತಲುಪಿದೆವು. ಅಲ್ಲಿನ ಶಾಸನಭವನದ ಮೆಟ್ಟಿಲುಗಳ ಮೇಲೆ 1861ರ ಫೆಬ್ರವರಿ 18ರಂದು ಜೆಫರ್‌ಸನ್ ಡೇವಿಸ್ ದಕ್ಷಿಣದ ಬಂಡಾಯ ಸರ್ಕಾರದ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸಿದ. ಆ ಮೆಟ್ಟಿಲಿನಿಂದ ಕೂಗಳತೆಯ ದೂರದಲ್ಲಿ ಕೆಂಪು ಇಟ್ಟಿಗೆಯ ಒಂದು ಪುಟ್ಟ ಚರ್ಚು ಇದೆ. 1954ರಲ್ಲಿ ಇಪ್ಪತ್ತೈದರ ತರುಣ ಮಾರ್ಟಿನ್ ಲೂಥರ್ ಕಿಂಗ್ ಧರ್ಮಬೋಧಕನಾಗಿ ಸೇರಿಕೊಂಡದ್ದು ಅಲ್ಲಿಗೆ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಮಹಿಳೆ ಬಸ್ಸಿನಲ್ಲಿ ಬಿಳಿಯನಿಗಾಗಿ ಆಸನ ಬಿಟ್ಟೇಳಲು ನಿರಾಕರಿಸಿ ಬಂಧಿತಳಾದಾಗ, ಊರಿನ ಕಪ್ಪುಜನರು 381 ದಿನಗಳ ಕಾಲ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದರು. ಆ ಚಳವಳಿಯ ಮುಂದಾಳತ್ವವೇ ಕಿಂಗ್ ಅವರನ್ನು ಜಗತ್ತಿಗೆ ಪರಿಚಯಿಸಿತು. ಅವರು 1959ರಲ್ಲಿ ಭಾರತಕ್ಕೆ ಬಂದಿದ್ದಾಗ ಕೇರಳದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ದಲಿತ ಮಕ್ಕಳಿಗೆ ಪರಿಚಯಿಸುತ್ತಾ, ಇವರೂ ನಿಮ್ಮಂತೆಯೇ ಅಮೇರಿಕಾದ ಅಸ್ಪೃಶ್ಯರು ಎಂದರಂತೆ. ಮೊದಲು ಆಘಾತವಾದರೂ ಯೋಚಿಸಿದಾಗ ಅದು ನಿಜವೆನಿಸಿತೆಂದು ಕಿಂಗ್ ಅವರೇ 1965ರ ಪ್ರವಚನವೊಂದರಲ್ಲಿ ಹೇಳಿಕೊಂಡಿದ್ದಾರೆ. ಚರ್ಚಿನ ಮುಂದೆ ನಿಂತು ಈ ಪ್ರಸಂಗವನ್ನು ಮಡದಿಗೆ ಹೇಳಿದೆ. ಅವಳು ಏನೂ ಹೇಳಲಿಲ್ಲ. ನಮ್ಮ ದೇಶದ ಮಾತು ಬಂದಾಗ ಪರದೇಶದಲ್ಲಿ ನಿಂತವರಿಗೆ ಮೌನವೇ ಹೆಚ್ಚು ಒದಗುತ್ತದೆ.

ಅದೇ ಊರಿನ ಗುಡ್ಡದ ಮೇಲೆ 2018ರ ಏಪ್ರಿಲ್ 26ರಂದು ತೆರೆದ ಒಂದು ಸ್ಮಾರಕವಿದೆ. 1877ರಿಂದ 1950ರವರೆಗೆ ಗುಂಪುಗಳು ಕಾನೂನನ್ನು ಕೈಗೆತ್ತಿಕೊಂಡು ಕೊಂದ 4,400ಕ್ಕೂ ಹೆಚ್ಚು ಕಪ್ಪುಜನರ ಸ್ಮಾರಕವದು. ಅಲ್ಲಿ ವಿಗ್ರಹಗಳ ಭರಾಟೆಯಿಲ್ಲ. ತುಕ್ಕಿನ ಬಣ್ಣಕ್ಕೆ ತಿರುಗುವ ಉಕ್ಕಿನ 800ಕ್ಕೂ ಹೆಚ್ಚು ಸ್ತಂಭಗಳಿವೆ. ಒಂದೊಂದೂ ಒಂದೊಂದು ಜಿಲ್ಲೆಗೆ ಮೀಸಲು. ಮೈಮೇಲೆ ಆ ಜಿಲ್ಲೆಯಲ್ಲಿ ಹತರಾದವರ ಹೆಸರು, ದಿನಾಂಕ. ಒಳಹೊಕ್ಕಾಗ ಸ್ತಂಭಗಳು ನಮ್ಮ ಎತ್ತರಕ್ಕೇ ನಿಂತಿರುತ್ತವೆ. ಅವುಗಳ ಹೆಸರುಗಳನ್ನು ಎದುರುನಿಂತು ಓದಬಹುದು. ಮುಂದೆ ನಡೆದಂತೆ ನೆಲ ಇಳಿಜಾರಾಗುತ್ತದೆ, ಸ್ತಂಭಗಳು ಮಾತ್ರ ಅದೇ ಮಟ್ಟದಲ್ಲಿ ಉಳಿಯುತ್ತವೆ. ಸ್ವಲ್ಪ ಹೊತ್ತಿನಲ್ಲಿ ಅವು ನಮ್ಮ ತಲೆಯ ಮೇಲೆ ಸೂರಿನಿಂದ ತೂಗುಬಿದ್ದಿರುತ್ತವೆ. ಯಾರೂ ವಿವರಿಸಬೇಕಾಗಿಲ್ಲ, ಕತ್ತೆತ್ತಿ ನೋಡಿದವನಿಗೆ ಮರದ ಕೊಂಬೆಗೆ ತೂಗುಹಾಕಿದ ದೇಹಗಳು ತಾವಾಗಿಯೇ ನೆನಪಾಗುತ್ತವೆ. ಕೆಲವು ಸ್ತಂಭಗಳಲ್ಲಿ ಹೆಸರಿನ ಜಾಗದಲ್ಲಿ "ಅಜ್ಞಾತ" ಎಂದಷ್ಟೇ ಇದೆ.

ಅದೇ ಸಂಸ್ಥೆಯವರು 2024ರ ಮಾರ್ಚ್‌ನಲ್ಲಿ ಅಲಬಾಮಾ ನದಿಯ ದಂಡೆಯ ಮೇಲೆ ಇನ್ನೊಂದು ಉದ್ಯಾನವನ್ನು ತೆರೆದಿದ್ದಾರೆ. ಅದರ ಕೊನೆಯಲ್ಲಿ ತೆರೆದಿಟ್ಟ ಪುಸ್ತಕದಂತಹ ಒಂದು ಬೃಹತ್ ಗೋಡೆ, ಎತ್ತರ 43 ಅಡಿ. ಅದರ ಮೇಲೆ 1,22,000 ಮನೆತನದ ಹೆಸರುಗಳು. ಇದರ ಹಿನ್ನೆಲೆಯನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ತಿಳಿದುಕೊಳ್ಳಬೇಕು. 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗಾಗಿ ಪ್ರತ್ಯೇಕ ಪಟ್ಟಿಗಳಿದ್ದವು. ಆ ಪಟ್ಟಿಗಳಲ್ಲಿ ಒಡೆಯನ ಹೆಸರು ಇರುತ್ತಿತ್ತು. ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಇಷ್ಟೇ. ಕೆಲವೇ ಅಪವಾದಗಳನ್ನು ಬಿಟ್ಟರೆ ಗುಲಾಮರ ಹೆಸರನ್ನು ಬರೆಯುತ್ತಿರಲಿಲ್ಲ. ಬಿಡುಗಡೆಯ ನಂತರ ಬಂದ 1870ರ ಜನಗಣತಿಯಲ್ಲಿ ಮೊದಲ ಬಾರಿಗೆ ಅವರೆಲ್ಲರ ಪೂರ್ಣ ಹೆಸರು, ಮನೆತನದ ಹೆಸರಿನೊಂದಿಗೆ ದಾಖಲಾಯಿತು. ಆ ಗಣತಿಯಿಂದ ಆಯ್ದ ಹೆಸರುಗಳೇ ಆ ಗೋಡೆಯ ಮೇಲಿರುವುದು. ನಾವು ನಿಂತಿದ್ದಾಗ ನಮ್ಮ ಪಕ್ಕದಲ್ಲಿ ವೃದ್ಧರೊಬ್ಬರು ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ತಮ್ಮ ಮನೆತನದ ಹೆಸರನ್ನು ಹುಡುಕುತ್ತಿದ್ದರು. ಸಿಕ್ಕಿದಾಗ ಹುಡುಗ ಕುಣಿದ. ಅಜ್ಜ ಟೋಪಿ ತೆಗೆದರು.

ಮರುದಿನ ಸೆಲ್ಮಾ. ಅಲ್ಲಿ ನೋಡಬೇಕಾದದ್ದು ಒಂದು ಸೇತುವೆ. 1965ರ ಮಾರ್ಚ್ 7ರಂದು ಮತದಾನದ ಹಕ್ಕು ಕೇಳುತ್ತ ಹೊರಟ ಸುಮಾರು 600 ಜನರನ್ನು ಪೊಲೀಸರು ಅದರ ಆಚೆಯ ತುದಿಯಲ್ಲಿ ಲಾಠಿಗಳಿಂದ ಬಡಿದರು. ತರುಣ ಜಾನ್ ಲೂಯಿಸ್ ಅವರ ತಲೆಬುರುಡೆ ಒಡೆಯಿತು. ಅದೇ ವರ್ಷದ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯಿದೆಗೆ ಅಂಕಿತ ಬಿತ್ತು. ಲೂಯಿಸ್ ಮುಂದೆ ಮೂರು ದಶಕಗಳಿಗೂ ಹೆಚ್ಚು ಕಾಲ ಸಂಸತ್ ಸದಸ್ಯರಾಗಿದ್ದು 2020ರ ಜುಲೈನಲ್ಲಿ ತೀರಿಕೊಂಡಾಗ ಅವರ ಶವಪೆಟ್ಟಿಗೆಯನ್ನು ಕುದುರೆಗಾಡಿಯಲ್ಲಿ ಆ ಸೇತುವೆಯ ಮೇಲೆ ದಾಟಿಸಲಾಯಿತು. ಇಷ್ಟಾದರೂ ಸೇತುವೆಯ ಕಮಾನಿನ ಮೇಲೆ ದಪ್ಪಕ್ಷರಗಳಲ್ಲಿರುವ ಹೆಸರು ಎಡ್ಮಂಡ್ ಪೆಟಸ್‌ನದು. ಆತ ಗುಲಾಮಗಿರಿಯ ಪರವಾಗಿ ಹೋರಾಡಿದ ದಕ್ಷಿಣದ ಸೇನಾಧಿಕಾರಿ. ಹೆಸರನ್ನು ಬದಲಿಸಬೇಕೋ, ಬಾರದೋ ಎಂಬ ಚರ್ಚೆಯಲ್ಲಿ ಸ್ವತಃ ಲೂಯಿಸ್ ಅವರೇ ಬದಲಾವಣೆಯ ಪರವಾಗಿರಲಿಲ್ಲವೆಂಬುದು ನನಗೆ ಆಶ್ಚರ್ಯವನ್ನುಂಟುಮಾಡಿತು. ಸೇತುವೆಯನ್ನು ನಾವು ನಡೆದೇ ದಾಟಿದೆವು, ನಡೆದೇ ಮರಳಿದೆವು.

ಸೆಲ್ಮಾದ ಆಚೆಗೆ ಹೊಲಗಳ ನಡುವಿನ ಸಣ್ಣ ರಸ್ತೆ. ಯಂತ್ರಗಳು ಹತ್ತಿಯನ್ನು ಬಿಡಿಸಿಕೊಂಡು ಹೋಗಿದ್ದವು. ಗಿಡದಲ್ಲಿ ಅಲ್ಲಲ್ಲಿ ಉಳಿದ ಹತ್ತಿ, ರಸ್ತೆಯ ಅಂಚಿನಲ್ಲಿ ಗಾಳಿಗೆ ಸಿಕ್ಕ ಬಿಳಿಯ ಎಳೆಗಳು. ಮಡದಿ ಥಟ್ಟನೆ ಕಾರನ್ನು ನಿಲ್ಲಿಸಿ ಇಳಿದಳು. ಅವಳು ನವಲಗುಂದದ ಕಡೆಯ ಎರೆಭೂಮಿಯ ರೈತರ ಮಗಳು. ಶಾಲೆಗೆ ಸೂಟಿ ಬಿಟ್ಟಾಗ ಆಳುಗಳ ಜೊತೆ ಸಾಲಿನಲ್ಲಿ ನಿಂತು ಹತ್ತಿ ಬಿಡಿಸಿದವಳು. ರಸ್ತೆಯಂಚಿಗೆ ಬಾಗಿದ್ದ ಕಾಯಿಯೊಂದನ್ನು ಮುಟ್ಟಿ, ಒಣಗಿದ ತೊಳೆಯ ಚೂಪು ಉಗುರಿನ ಸಂದಿಗೆ ಹೇಗೆ ಚುಚ್ಚುತ್ತದೆ ಎಂಬುದನ್ನು ನನಗೆ ತೋರಿಸಿದಳು. "ಸಂಜಿಕ ತೂಕ ಮಾಡಿ ಆಳಿಗೆ ರೊಕ್ಕ ಕೊಡೋದು ನಮ್ಮ ಅವ್ವನ ಕೆಲಸ. ಒಬ್ಬಾಕಿದ್ದು ಒಂದು ಕಿಲೋ ಹೆಚ್ಚುಕಡಿಮಿ ಆದ್ರ ರಾತ್ರಿಯೆಲ್ಲಾ ಜಗಳ" ಎಂದು ನಕ್ಕಳು.

ಈ ಹತ್ತಿಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯವರು 1840ರಲ್ಲಿ ಅಮೇರಿಕಾದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆತಂದು ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಹಲವೆಡೆ ಬಿತ್ತಿಸಿ ನೋಡಿದರು. ಬಹಳ ಕಡೆ ಅದು ಹತ್ತಲಿಲ್ಲ. ಧಾರವಾಡದ ನೆಲದಲ್ಲಿ ಹತ್ತಿತು. "ಧಾರವಾಡ-ಅಮೇರಿಕನ್" ಎಂಬ ಹೆಸರಿನಲ್ಲಿ ಅದು ಪೇಟೆಗೆ ಹೋಯಿತು. ನಮ್ಮ ಹಿರಿಯರು ಅದನ್ನು ವಿಲಾಯತಿ ಹತ್ತಿಯೆಂದು, ಊರಿನದನ್ನು ಜವಾರಿ ಹತ್ತಿಯೆಂದು ಕರೆದರು. 1861ರಲ್ಲಿ ಇಲ್ಲಿ ಯುದ್ಧ ಪ್ರಾರಂಭವಾಗಿ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಕೈಚಾಚಿದವು, ಬೆಲೆ ಗಗನಕ್ಕೇರಿತು. ಧಾರವಾಡದ ಹತ್ತಿಯನ್ನು ಸಾಗಿಸುವ ಉದ್ದೇಶದಿಂದಲೇ ಕಾರವಾರದ ಬಂದರನ್ನು ಬೆಳೆಸಲಾಯಿತು. ಅಲಬಾಮಾದ ಆಳು ಬಿಡುಗಡೆಗಾಗಿ ಕಾಯುತ್ತಿದ್ದ ನಾಲ್ಕು ವರ್ಷಗಳಲ್ಲಿ ನವಲಗುಂದದ ಒಕ್ಕಲಿಗನು ಬೆಳ್ಳಿಯ ರೂಪಾಯಿ ಎಣಿಸಿದನು. ಒಬ್ಬರ ಮುಖವನ್ನು ಇನ್ನೊಬ್ಬರು ಕಂಡವರಲ್ಲ.

ಮೂರನೆಯ ದಿನದ ಇಳಿಹೊತ್ತಿಗೆ ನ್ಯಾಚೆಜ್. ನದಿಯ ಎತ್ತರದ ದಂಡೆಯ ಮೇಲೆ ಬಿಸಿಲು ಕೆಂಪಾಗುವ ಹೊತ್ತಿನಲ್ಲಿ ಆ ಪಟ್ಟಣವು ನಿಜಕ್ಕೂ ಸುಂದರ. ಹತ್ತಿಯ ಕಾಲದಲ್ಲಿ ಅದು ದೇಶದ ಅತ್ಯಂತ ಸಿರಿವಂತ ಪಟ್ಟಣಗಳಲ್ಲಿ ಒಂದಾಗಿತ್ತು. ಯುದ್ಧದಲ್ಲಿ ಹೆಚ್ಚು ಕಾದಾಟವಿಲ್ಲದೆ ಶರಣಾದುದರಿಂದ ಅದರ ಸೌಧಗಳು ಉಳಿದುಕೊಂಡವು. 1932ರಿಂದೀಚೆಗೆ ಪ್ರತಿ ವಸಂತದಲ್ಲಿಯೂ ಆ ಮನೆಗಳ ಬಾಗಿಲು ತೆರೆದು ಪ್ರವಾಸಿಗರಿಗೆ ತೋರಿಸುತ್ತಾರೆ. ಆ ಉತ್ಸವಕ್ಕೆ ಅವರು ಇಟ್ಟುಕೊಂಡ ಹೆಸರು "ತೀರ್ಥಯಾತ್ರೆ". ಊರ ಹೊರಗೆ ದಾರಿಗಳು ಕೂಡುವ ಒಂದು ಬಯಲಿದೆ. ನ್ಯೂ ಆರ್ಲಿಯನ್ಸನ್ನು ಬಿಟ್ಟರೆ ಆ ಭಾಗದ ಅತಿ ದೊಡ್ಡ ಗುಲಾಮರ ಸಂತೆ ನಡೆಯುತ್ತಿದ್ದುದು ಅಲ್ಲಿ. 2021ರಿಂದ ಅದು ರಾಷ್ಟ್ರೀಯ ಉದ್ಯಾನ ಇಲಾಖೆಯ ರಕ್ಷಣೆಯಲ್ಲಿದೆ. ಸೌಧಗಳ ಮುಂದೆ ವಾಹನಗಳ ಸಾಲಿತ್ತು. ಸಂತೆಯ ಬಯಲಿನಲ್ಲಿ ನಮ್ಮದೊಂದೇ ಕಾರು.

ವಸತಿಗೃಹದ ಪರಿಚಾರಿಕೆಯು ನಗುಮೊಗದಿಂದ ಬರಮಾಡಿಕೊಂಡು, ಸೌಧದ ಹಿಂದಿನ ಎರಡಂತಸ್ತಿನ ಇಟ್ಟಿಗೆಯ ಕಟ್ಟಡಕ್ಕೆ ಕರೆದೊಯ್ದಳು. ನಮಗಾಗಿ ಕಾದಿರಿಸಿದ್ದು "ಉದ್ಯಾನದ ಕೊಠಡಿ". ಹೂದಾನಿ, ಎತ್ತರದ ಮಂಚ, ದಂಪತಿಗಳಿಗೆ ಶುಭಾಶಯ ಕೋರಿದ ಚೀಟಿ. ಎಲ್ಲವೂ ಅಚ್ಚುಕಟ್ಟು. ನಾನು ಬೂಟು ಬಿಚ್ಚುತ್ತಿದ್ದೆ. ಮಡದಿ ಗೋಡೆಯಲ್ಲಿದ್ದ ಬೆಂಕಿಗೂಡಿನ ಮುಂದೆ ನಿಂತುಬಿಟ್ಟಿದ್ದಳು. ಒಬ್ಬ ಮನುಷ್ಯ ಒಳಗೆ ಕುಳಿತುಕೊಳ್ಳುವಷ್ಟು ಅಗಲದ ಗೂಡು. ಅದರ ಒಳಬದಿಯಲ್ಲಿ ಗೋಡೆಗೆ ಜೋಡಿಸಿದ ಕಬ್ಬಿಣದ ತೋಳು. ಅವಳು ಅದನ್ನು ಮೆಲ್ಲಗೆ ಎಳೆದಳು; ಬಾಗಿಲಿನಂತೆ ತಿರುಗಿ ಹೊರಬಂತು. ಪಾತ್ರೆ ತೂಗುಹಾಕುವ ಕೊಕ್ಕೆಯೂ ಅದರ ತುದಿಯಲ್ಲಿತ್ತು. "ಇದು ಮಲಗೋ ಖೋಲಿ ಅಲ್ರೀ. ಅಡಗಿ ಮನಿ" ಎಂದಳು.

ಕೇಳಿದಾಗ ಪರಿಚಾರಿಕೆ ಒಪ್ಪಿಕೊಂಡಳು. ಕೆಳಗೆ ಅಡುಗೆ ಮನೆ ಇತ್ತು, ಮೇಲಿನ ಅಂತಸ್ತಿನಲ್ಲಿ "ಸೇವಕರು" ಇರುತ್ತಿದ್ದರು ಎಂದಳು. ಆ ಪದವನ್ನು ಸಂಜೆಯ ಪರಿಚಯ ಪ್ರವಾಸದಲ್ಲಿಯೂ ಹಲವು ಬಾರಿ ಕೇಳಿದೆವು. ಬಿಳಿಗೂದಲಿನ ಸೌಜನ್ಯಮೂರ್ತಿಯಾದ ಮಹಿಳೆಯೊಬ್ಬರು ಸೌಧದ ಕೋಣೆಕೋಣೆಗಳನ್ನೂ ತೋರಿಸಿದರು. ಫ್ರಾನ್ಸಿನಿಂದ ತರಿಸಿದ ಕನ್ನಡಿ, ಬೆಳ್ಳಿಯ ಚಮಚಗಳು, ಊಟದ ಮೇಜಿನ ಮೇಲೆ ತೂಗುವ ಮರದ ದೊಡ್ಡ ಬೀಸಣಿಗೆ. ಊಟ ಮುಗಿಯುವವರೆಗೂ ಸೇವಕರ ಹುಡುಗನೊಬ್ಬ ಮೂಲೆಯಲ್ಲಿ ನಿಂತು ಅದರ ಹಗ್ಗವನ್ನು ಎಳೆಯುತ್ತಿದ್ದನೆಂದು ವಿವರಿಸಿದರು. ನಮ್ಮೊಡನೆ ಇನ್ನೂ ಏಳೆಂಟು ಜನರಿದ್ದರು. ಮಡದಿ ಕೈಯೆತ್ತಿ, ಶಾಲೆಯ ಹುಡುಗಿಯಂತೆ ಅತ್ಯಂತ ವಿನಯದಿಂದ ಕೇಳಿದಳು: "ಆ ಸೇವಕರಿಗೆ ತಿಂಗಳಿಗೆ ಸಂಬಳ ಎಷ್ಟು ಕೊಡುತ್ತಿದ್ದರು?"

ಒಂದು ಕ್ಷಣ ಕೋಣೆಯಲ್ಲಿ ಗಡಿಯಾರದ ಸದ್ದು ಮಾತ್ರ. ಅವಳ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲವೆಂದು ನಾನು ಬಲ್ಲೆ. ತೂಕ ಮಾಡಿ ಕೂಲಿ ಕೊಡುವ ಮನೆಯಲ್ಲಿ ಬೆಳೆದವಳು ಅವಳು, ಕೆಲಸದ ಮಾತು ಬಂದರೆ ಅವಳಿಗೆ ಮೊದಲು ನೆನಪಾಗುವುದು ಲೆಕ್ಕ. ಆ ಮಹಿಳೆಯ ಮುಖ ಕೆಂಪಾಯಿತು. "ಇಲ್ಲ, ಸಂಬಳ ಇರಲಿಲ್ಲ. ಅವರು ಗುಲಾಮರಾಗಿದ್ದರು" ಎಂದರು. ಆಮೇಲಿನ ಪ್ರವಾಸದಲ್ಲಿ ಅವರು "ಸೇವಕರು" ಎಂಬ ಪದವನ್ನು ಬಳಸಲಿಲ್ಲ. ಮಡದಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು. ಅಡುಗೆ ಮಾಡುತ್ತಿದ್ದವಳ ಹೆಸರೇನು? ಗೊತ್ತಿಲ್ಲವೆಂಬ ಉತ್ತರ ಬಂತು. ಗೊತ್ತಾದರೆ ತಿಳಿಸಿರೆಂದು ತನ್ನ ವಿಳಾಸವನ್ನು ಅತಿಥಿಗಳ ಪುಸ್ತಕದಲ್ಲಿ ಬರೆದು ಬಂದಳು.

ಆ ರಾತ್ರಿ ಮಡದಿ ಬೇಗ ನಿದ್ರಿಸಿದಳು. ನನಗೆ ನಿದ್ರೆ ಬರಲಿಲ್ಲ. ಮೆತ್ತನೆಯ ಹಾಸಿಗೆಯಲ್ಲಿ ಮಲಗಿ ಮೇಲಿನ ಹಲಗೆಯ ನೆಲವನ್ನು ನೋಡುತ್ತಿದ್ದೆ. ಅಲ್ಲಿ ಎಷ್ಟು ಜನ, ಎಷ್ಟು ಮಕ್ಕಳು ಮಲಗುತ್ತಿದ್ದರೋ! ಇಂತಹ ಕಟ್ಟಡವನ್ನು ಅದರ ನಿಜವಾದ ಹೆಸರು ಹೇಳದೆ ಬಾಡಿಗೆಗೆ ಕೊಡುವುದು ಅನ್ಯಾಯವೆಂದೇ ಈಗಲೂ ನನ್ನ ಅಭಿಪ್ರಾಯ. ನಾವು ಬಾರದೆ ಹೋಗಿದ್ದರೆ ಆ ಕಬ್ಬಿಣದ ತೋಳನ್ನು ಎಳೆದು ನೋಡುವವರು ಯಾರೆಂಬುದು ಮಡದಿಯ ವಾದ. ಈ ವಾದ ಇಂದಿಗೂ ನಮ್ಮಲ್ಲಿ ಮುಗಿದಿಲ್ಲ.

ಲೂಯಿಸಿಯಾನಾಕ್ಕೆ ಇಳಿದಂತೆ ಹತ್ತಿ ಮಾಯವಾಗಿ ಕಬ್ಬು ಕಾಣಿಸಿಕೊಳ್ಳುತ್ತದೆ. ನವೆಂಬರ್ ಎಂದರೆ ಅಲ್ಲಿ ಕಬ್ಬು ನುರಿಸುವ ಕಾಲ. ಕಬ್ಬು ಹೇರಿದ ಗಾಡಿಗಳು, ಗಾಳಿಯಲ್ಲಿ ಕಾಕಂಬಿಯ ವಾಸನೆ. ಬೆಳಗಾವಿಯ ಕಡೆಯ ಯಾವುದೋ ರಸ್ತೆಯಲ್ಲಿದ್ದೇವೆಂಬ ಭ್ರಮೆ. ಬ್ಯಾಟನ್ ರೂಜ್‌ನಿಂದ ನ್ಯೂ ಆರ್ಲಿಯನ್ಸ್‌ವರೆಗೆ ನದಿಯ ಏರಿಯ ಗುಂಟ ಹಳೆಯ ಸಕ್ಕರೆ ದಣಿಗಳ ಸೌಧಗಳೂ, ಹೊಸ ರಾಸಾಯನಿಕ ಕಾರ್ಖಾನೆಗಳೂ ಸರದಿಯ ಮೇಲೆ ಬರುತ್ತವೆ. 1859ರಲ್ಲಿ ಪೂರ್ಣಗೊಂಡ ನಾಟೋವೇ ಎಂಬ ಮಹಾಸೌಧವನ್ನು ನಾವು ರಸ್ತೆಯಿಂದಲೇ ನೋಡಿ ಮುಂದೆ ಹೋದೆವು. ಅದು 2025ರ ಮೇ 15ರಂದು ಬೆಂಕಿಗೆ ಆಹುತಿಯಾಯಿತು. ಸುದ್ದಿ ಬಂದ ದಿನ ಕೆಲವರು ಕಣ್ಣೀರು ಹಾಕಿದರು, ಕೆಲವರು ಸಂಭ್ರಮಿಸಿದರು.

ಆ ದಾರಿಯಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಓಕ್ ಆಲಿ ಎಂಬ ತೋಟ. ಸೌಧದಿಂದ ನದಿಯವರೆಗೆ ಎರಡು ಸಾಲುಗಳಲ್ಲಿ 28 ಓಕ್ ಮರಗಳು ಕಮಾನಿನಂತೆ ಬಾಗಿ ನಿಂತಿವೆ. ಎಲ್ಲರೂ ಚಿತ್ರ ತೆಗೆದುಕೊಳ್ಳುವುದು ಅಲ್ಲಿಯೇ. ನನಗೆ ಬೇಕಾಗಿದ್ದುದು ಇನ್ನೊಂದು ಮರದ ಕಥೆ. ಜಾರ್ಜಿಯಾದಲ್ಲಿರುವ ನಾವು ಹಬ್ಬಕ್ಕೆ ಗೋಡಂಬಿಯ ಬದಲು ಪೆಕಾನ್ ಎಂಬ ಕಾಯಿಯ ತಿರುಳನ್ನು ಉಂಡೆಗಳಿಗೆ ಹಾಕುತ್ತೇವೆ. ಪೆಕಾನ್ ಮರ ಬೀಜದಿಂದ ಹುಟ್ಟಿದರೆ ತಾಯಿಯ ಗುಣ ಬರುವ ಭರವಸೆಯಿಲ್ಲ, ನಮ್ಮ ಮಾವಿನ ಹಾಗೆ. ಒಳ್ಳೆಯ ಮರವೊಂದರ ಕಡ್ಡಿಯನ್ನು ಕಸಿಮಾಡಲು ಅಲ್ಲಿಯ ಒಬ್ಬ ವೈದ್ಯರು ಪ್ರಯತ್ನಿಸಿ ಸೋತರು. ಆ ಕಡ್ಡಿಗಳು ಓಕ್ ಆಲಿಗೆ ಬಂದವು. 1846-47ರ ಚಳಿಗಾಲದಲ್ಲಿ ಅಲ್ಲಿನ ತೋಟಗಾರ ಆಂಟ್ವಾನ್ 16 ಮರಗಳಿಗೆ ಯಶಸ್ವಿಯಾಗಿ ಕಸಿಕಟ್ಟಿದ. ದಾಖಲೆಯಲ್ಲಿರುವ ಪೆಕಾನ್ ಕಸಿಯ ಮೊದಲ ಯಶಸ್ಸು ಅದೇ. ಅವನು ಬೆಳೆಸಿದ ತಳಿಯ ಕಾಯಿಗಳು 1876ರ ಫಿಲಡೆಲ್ಫಿಯಾ ಮಹಾಪ್ರದರ್ಶನದಲ್ಲಿ ಬಹುಮಾನ ಪಡೆದವು. ಆ ವರ್ಷ ದೇಶಕ್ಕೆ ನೂರು ತುಂಬಿದ್ದರಿಂದ ತಳಿಗೆ "ಸೆಂಟೆನಿಯಲ್" ಎಂದು ಹೆಸರಾಯಿತು. ಆಂಟ್ವಾನನ ಹೆಸರನ್ನು ಇಡಲಿಲ್ಲ. ಇಂದು ಪೆಕಾನ್ ತೋಟಗಾರಿಕೆ ದಕ್ಷಿಣದ ದೊಡ್ಡ ಉದ್ಯಮ. ಅದು ಕಸಿಯ ಮೇಲೆಯೇ ನಿಂತಿದೆ. ಆಂಟ್ವಾನ್ ಗುಲಾಮನಾಗಿದ್ದ. ಒಡೆಯನು 1848ರಲ್ಲಿ ತೀರಿಕೊಂಡಾಗ ಆಸ್ತಿಯ ಪಟ್ಟಿ ಮಾಡಿದರು. ಅದರಲ್ಲಿ ಆಂಟ್ವಾನನೂ ಇದ್ದಾನೆ. ಒಂದೇ ಹೆಸರು, ವಯಸ್ಸು, ಕಸಬು, ಬೆಲೆ. ಆ ಬೆಲೆಪಟ್ಟಿ ಇಲ್ಲದೆ ಹೋಗಿದ್ದರೆ ಅವನ ವಿಷಯದಲ್ಲಿ ನಾವು ತಿಳಿದಿರುವ ಅಲ್ಪಸ್ವಲ್ಪವೂ ಉಳಿಯುತ್ತಿರಲಿಲ್ಲ.

ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ನಮ್ಮ ಶರಣರ ಹೆಸರುಗಳಲ್ಲಿಯಂತೂ ಕಾಯಕವೇ ಮುಂದೆ ನಿಲ್ಲುತ್ತದೆ: ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಿದೇವ. ಹಾಗೆಯೇ "ಕಸಿಯ ಆಂಟ್ವಾನ್" ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ. ಆದರೆ ಆ ಹೆಸರುಗಳ ಹೆಮ್ಮೆಯಲ್ಲಿ ನಾವು ಹೆಚ್ಚು ಹೊತ್ತು ಕುಳಿತುಕೊಳ್ಳುವಂತಿಲ್ಲ. ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದವರ ಶಾಸನಗಳು ಹೇರಳವಾಗಿವೆ. ಮಣ್ಣು ಹೊತ್ತವರ ಹೆಸರುಗಳನ್ನು ಎಷ್ಟು ಶಾಸನಗಳಲ್ಲಿ ಓದಿದ್ದೇವೆ?

ಹತ್ತಿರದ ವಿಟ್ನಿ ತೋಟವು 2014ರ ಡಿಸೆಂಬರ್‌ನಲ್ಲಿ ಬೇರೆಯೇ ಬಗೆಯ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿ ಕಥೆ ಗುಲಾಮರದು. ಒಡೆಯನ ಮನೆಗೆ ಕೊನೆಯ ಸ್ಥಾನ. ಇತಿಹಾಸಜ್ಞೆ ಗ್ವೆಂಡೊಲಿನ್ ಮಿಡ್ಲೋ ಹಾಲ್ ಅವರು ಮಾರಾಟಪತ್ರ, ಉಯಿಲು, ಕೋರ್ಟಿನ ಕಡತಗಳಿಂದ ವರ್ಷಗಟ್ಟಲೆ ಹೆಕ್ಕಿ ತೆಗೆದ ಲೂಯಿಸಿಯಾನಾದ ಸುಮಾರು 1,07,000 ಗುಲಾಮರ ಹೆಸರುಗಳನ್ನು ಕಲ್ಲಿನ ಗೋಡೆಗಳ ಮೇಲೆ ಕೆತ್ತಲಾಗಿದೆ. ಒಂದು ಕಡೆ ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡ ಆ ಪ್ರಾಂತದ ಸುಮಾರು 2,200 ಕೂಸುಗಳ ಹೆಸರುಗಳಿವೆ. ಮಡದಿ ಅಲ್ಲಿ ಓದುವುದನ್ನು ನಿಲ್ಲಿಸಿ ಕಾರಿಗೆ ಹೋಗಿ ಕುಳಿತಳು.

ನ್ಯೂ ಆರ್ಲಿಯನ್ಸ್‌ನಲ್ಲಿ ಎರಡು ದಿನ ಸುಮ್ಮನೆ ತಿರುಗಾಡಿದೆವು, ಸಂಗೀತ ಕೇಳಿದೆವು. ರವಿವಾರಗಳಂದು ಗುಲಾಮರು ಸೇರಿ ಹಾಡಿ ಕುಣಿಯುತ್ತಿದ್ದ ಕಾಂಗೋ ಚೌಕದಲ್ಲಿ ಒಬ್ಬ ಮುದುಕ ಒಬ್ಬನೇ ತುತ್ತೂರಿ ಊದುತ್ತಿದ್ದ. ಸಸ್ಯಾಹಾರಿಗಳಿಗೆ ಆ ನಗರ ಅಷ್ಟೇನೂ ದಯಾಳುವಲ್ಲ. ಅನ್ನ ಮತ್ತು ಕೆಂಪು ಅವರೆಯನ್ನು ಮಾಂಸವಿಲ್ಲದೆ ಬಡಿಸಿರೆಂದು ಕೇಳಿ ಕೇಳಿ ಸುಸ್ತಾದೆವು.

ಅಲ್ಲಿಂದ ಉತ್ತರಕ್ಕೆ ಒಂದೇ ದಿನದ ದೀರ್ಘ ಪ್ರಯಾಣ, ಮೆಂಫಿಸ್‌ವರೆಗೆ. 1968ರ ಏಪ್ರಿಲ್ 4ರಂದು ಕಿಂಗ್ ಅವರು ಗುಂಡೇಟಿಗೆ ಬಲಿಯಾದ ಲೊರೇನ್ ಮೋಟೆಲ್ 1991ರಿಂದ ವಸ್ತುಸಂಗ್ರಹಾಲಯವಾಗಿದೆ. 306ನೆಯ ಕೊಠಡಿಯ ಮುಂದಿನ ಕಟಾಂಜನಕ್ಕೆ ಒಂದು ಹೂಮಾಲೆ ಕಟ್ಟಿರುತ್ತಾರೆ. ಅವರು ಆ ಊರಿಗೆ ಬಂದದ್ದು ಯಾರಿಗಾಗಿ ಎಂಬುದನ್ನು ಬಹಳ ಜನ ಮರೆತಿದ್ದಾರೆ. ಅದೇ ವರ್ಷದ ಫೆಬ್ರವರಿ 1ರಂದು ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ಕುಳಿತಿದ್ದಾಗ, ಕಸ ಒತ್ತುವ ಯಂತ್ರ ತಾನಾಗಿಯೇ ಚಾಲೂ ಆಗಿ ಅವರನ್ನು ಅರೆದು ಕೊಂದಿತು. ಹನ್ನೊಂದು ದಿನಗಳ ನಂತರ ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರ ಎದೆಯ ಮೇಲಿನ ಫಲಕದಲ್ಲಿದ್ದ ಮಾತು ಇಷ್ಟೇ: ನಾನು ಮನುಷ್ಯ. ಕೋಲ್ ಮತ್ತು ವಾಕರ್ ಅವರ ಹೆಸರುಗಳನ್ನು ಮಡದಿ ತನ್ನ ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡಳು. ನಮ್ಮ ಊರುಗಳಲ್ಲಿ ಮಲಗುಂಡಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಓದಿದ್ದೇವೆ. ಅವರಲ್ಲಿ ಒಬ್ಬರ ಹೆಸರಾದರೂ ನೆನಪಿದೆಯೇ ಎಂದು ಹೋಟೆಲಿಗೆ ಮರಳುವ ದಾರಿಯಲ್ಲಿ ಕೇಳಿದಳು. ನಾನು ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿರುವಾಗಲೇ ಹೋಟೆಲು ಬಂದಿತು.

ಊರಿಗೆ ಮರಳಿ, ರಜೆ ಮುಗಿದು, ಕೆಲಸಗಳಲ್ಲಿ ಮುಳುಗಿದೆವು. 2025ರ ಜನವರಿಯ ಒಂದು ದಿನ ನ್ಯಾಚೆಜ್‌ನಿಂದ ಮಡದಿಗೆ ಪತ್ರ ಬಂದಿತು. ಬರೆದವರು ಆ ಬಿಳಿಗೂದಲಿನ ಮಹಿಳೆ. ಅವರು ಜಿಲ್ಲೆಯ ಕೋರ್ಟಿಗೆ ಹೋಗಿ ಹಳೆಯ ಕಡತಗಳನ್ನು ತೆಗೆಸಿದ್ದರು. 1860ರ ಗಣತಿಯ ಪಟ್ಟಿಯಲ್ಲಿ ಆ ಮನೆಯ ಲೆಕ್ಕಕ್ಕೆ ವಯಸ್ಸುಗಳ ಸಾಲು ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಆದರೆ ಒಡೆಯನು ತೀರಿಕೊಂಡಾಗ ಮಾಡಿದ ಆಸ್ತಿಯ ಪಟ್ಟಿಯೊಂದು ಸಿಕ್ಕಿತ್ತು. ಮಂಚ, ಕನ್ನಡಿ, ಕುದುರೆಗಳ ನಂತರ 17 ಜನ. ಒಂದೊಂದೇ ಹೆಸರು, ಮುಂದೆ ವಯಸ್ಸು, ಮುಂದೆ ಬೆಲೆ. ಅಡುಗೆಯವಳೆಂದು ಗುರುತಿಸಿದ ಹೆಣ್ಣುಮಗಳಿಗೆ 26 ವರ್ಷ. ಅವಳ ಜೊತೆಯಲ್ಲಿಯೇ ಒಂದು ಕೂಸನ್ನೂ ಸೇರಿಸಿ ಬೆಲೆ ಬರೆದಿದ್ದರು. ಇನ್ನು ಮುಂದೆ ಪ್ರವಾಸಿಗರಿಗೆ ಆ ಹೆಸರುಗಳನ್ನು ಹೇಳುತ್ತೇನೆ, ಕೊಠಡಿಯ ಹೆಸರು ಬದಲಿಸುವುದು ಮಾತ್ರ ನನ್ನ ಕೈಯಲ್ಲಿಲ್ಲ ಎಂದು ಬರೆದಿದ್ದರು.

ಮಡದಿ ಆ ಪಟ್ಟಿಯ ಪ್ರತಿಯನ್ನು ಮಗಳಿಗೆ ಕಳುಹಿಸಿದಳು. ಅರ್ಧ ಗಂಟೆಯ ನಂತರ ದೂರವಾಣಿ ಬಂತು. ಉಡುಗೊರೆಯ ವಿಷಯವನ್ನು ಯಾರೂ ಎತ್ತಲಿಲ್ಲ. "ಅಮ್ಮಾ, ಆಕಿಗೂ ನನ್ನಷ್ಟ ವಯಸ್ಸು" ಎಂದಳು ಮಗಳು. ಆಮೇಲೆ ಆ ಹದಿನೇಳು ಹೆಸರುಗಳನ್ನು ಒಂದೊಂದಾಗಿ, ಫೋನಿನಲ್ಲಿಯೇ, ತಾಯಿಯೊಡನೆ ಗಟ್ಟಿಯಾಗಿ ಓದಿದಳು.